ವ್ಯಾನಿಗೆ ಹೊಲಿದ ಅಂಗಿ

ಟೈಲರಣ್ಣ ಅಂಗಡಿ ಮುಚ್ಚಿ, ಒಳಗೇ ಹಾಸಿಗೆ, ಒಲೆ ಇದ್ದ ಹಳೆಯ ವ್ಯಾನೊಂದನ್ನು ಕೊಂಡ ದಿನದಿಂದ ಹೆಂಡತಿಗೆ ಅದು ಸವತಿಯೇ ಆಗಿತ್ತು. ಹೋದ ತಿಂಗಳು ಏರುದಾರಿಯಲ್ಲಿ ಎಂಜಿನ್ ಕುದಿದಾಗ, ಇವನ ಅವಸರದ ಮಾತು ಕೇಳಿ ಅವಳೇ ರೇಡಿಯೇಟರಿನ ಮುಚ್ಚಳ ತಿರುಗಿಸಿದ್ದಳು. ಚಿಮ್ಮಿದ ನೀರಿಗೆ ಅಂಗೈ ಬೆಂದಿತ್ತು. ಆಮೇಲೆ ಅವನು ಎಂಜಿನ್ ಮತ್ತೆ ಕುದಿಯದಂತೆ ಥರ್ಮೋಸ್ಟಾಟ್, ನೀರಿನ ಪಂಪು ಎರಡನ್ನೂ ಬದಲಿಸಿದ. ಹಾಸಿಗೆ ಹಿಡಿದ ತಾಯಿಯನ್ನು ನೋಡಲೇಬೇಕಾದ್ದರಿಂದ ಅವಳು ಇದೊಂದು ಸಲ ಎಂದು ಹತ್ತಿದ್ದಳು.

ಅದೇ ಏರಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮತ್ತೆ ಕೆಂಪಿನತ್ತ ಹೊರಳಿತು. ಆ ಬಿಸಿ ಕಳೆಯಲೆಂದು ಅವನು ಸುಡುಬಿಸಿಲಿನಲ್ಲೇ ಹೀಟರ್ ಹಾಕಿದ.

"ಕೈ ಬೇಯಿಸಿದ್ದಾಯ್ತು, ಈಗ ಇಡೀ ಹೆಂಡ್ತೀನೇ ಬೇಯಿಸ್ತೀರಾ?"

ಅವನು ಬದಿಗೆ ನಿಲ್ಲಿಸಿ ಇಳಿದ. ಮುಚ್ಚಳ ಮುಟ್ಟಲಿಲ್ಲ. ರೇಡಿಯೇಟರಿನ ಪಕ್ಕದ ಡಬ್ಬಿಯಲ್ಲಿ ನೀರಿತ್ತು, ಫ್ಯಾನೂ ತಿರುಗುತ್ತಿತ್ತು. ಗಾಳಿ ಒಳಗೆ ಹೋಗುತ್ತಿದೆಯೇ ಎಂದು ನೋಡಲು ರೇಡಿಯೇಟರಿನ ಮುಂದಿನ ಬಲೆಗೆ ಕರವಸ್ತ್ರ ಹಿಡಿದ; ಆದರೆ ಫ್ಯಾನಿನ ಸೆಳೆತಕ್ಕೆ ಅಂಟಿಕೊಳ್ಳಬೇಕಿದ್ದ ಅದು ಜಾರಿ ಬಿತ್ತು. ಹುಳುಗಳು ಬಡಿಯದಿರಲೆಂದು ವ್ಯಾನು ಕೊಂಡ ವಾರವೇ ಅವನು ಹೊಲಿದು ಕಟ್ಟಿದ ಬಲೆ ಅದು; ಕಸುಬಿನ ಚಾಳಿ ಬಿಡದೆ ಒಳಗೊಂದು ದಪ್ಪ ಬಟ್ಟೆಯ ಅಸ್ತರನ್ನೂ ಕೊಟ್ಟಿದ್ದ.

"ಏನ್ರೀ ಅದು?"

"ಅಸ್ತರು... ನಾನೇ ಕೊಟ್ಟಿದ್ದು. ಗಾಳೀನೇ ಆಡ್ತಿರ್ಲಿಲ್ಲ ಕಣೇ."

"ಅಂದ್ರೆ ನನ್ನ ಕೈ ಸುಟ್ಟಿದ್ದು ನಿಮ್ಮ ಹೊಲಿಗೆ!"

ಅವನು ಬಲೆಯನ್ನು ಕತ್ತರಿಸಿ ಎಸೆದ. ಸ್ವಲ್ಪ ಹೊತ್ತಿಗೆ ಮುಳ್ಳು ಕೆಳಗಿಳಿಯಿತು. ಅವಳು ಮುಂದಿನ ಸೀಟು ಬಿಟ್ಟು ಹಿಂದೆ ಹೋಗಿ ಕೂತಳು.

"ಅಮ್ಮನ ಮನೆವರೆಗೆ ಬರ್ತೀನಿ. ವಾಪಸ್ಸು ಬಸ್ಸಲ್ಲಿ."

ಉಳಿದ ಏರನ್ನು ವ್ಯಾನು ತಣ್ಣಗೆ ಹತ್ತಿದರೂ ಅವನ ಬೆವರು ಆರಲಿಲ್ಲ.