ಮಾವನ ಗರಗಸಕ್ಕೆ ಬಂದ ಹೊಸ ದನಿ

ವರ್ಕ್‌ಶಾಪಿನಲ್ಲಿ ಅವನಿಗೆ ‘ಎಂಜಿನಿಯರ್’ ಎಂಬ ಹೆಸರು ಬಿದ್ದದ್ದು ಬಿಚ್ಚಿದ ಯಂತ್ರವನ್ನು ಜೋಡಿಸುವಾಗಲೆಲ್ಲ ಒಂದೆರಡು ಸ್ಕ್ರೂ ಮಿಗಿಸುತ್ತಿದ್ದುದಕ್ಕೆ. “ಮಿಕ್ಕಿದ್ದೆಲ್ಲ ಕೂಡಿಡಪ್ಪ, ಇನ್ನೊಂದು ಮಷೀನೇ ಆಗತ್ತೆ” ಎನ್ನುತ್ತಿದ್ದರು ಯಜಮಾನರು. ಅವನೂ ನಗುತ್ತಿದ್ದ. ಸಂಬಳದ ಕೆಲಸದಲ್ಲಿ ಅಷ್ಟು ನಗು ಸೇರಿಯೇ ಇರುತ್ತದೆ.

ಮೋಟಾರು ಗರಗಸದ ವಿಷಯ ಬಂದರೆ ಮಾತ್ರ ಅವನಿಗೆ ಕೋಡು ಮೂಡುತ್ತಿತ್ತು. ಸಿಲಿಂಡರಿನಲ್ಲಿ ಹೊಗೆ ಹೊರಬೀಳುವ ಕಿಂಡಿಯನ್ನು ತುಸು ಎತ್ತರಿಸಿದರೆ ಎಂಜಿನ್ನು ಹುಲಿಯಾಗುತ್ತದೆಂದು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತಿದ್ದ. ಹುಲಿ ಮಾಡಲು ಒಂದು ಗರಗಸ ಬೇಕಿತ್ತು. ಸಿಕ್ಕಿದ್ದು ಸೋದರಮಾವನದು.

ಮಾವ ಮರದ ಡಿಪೋದಲ್ಲಿ ದಿಮ್ಮಿ ಕೊಯ್ಯುವವರು. ಗರಗಸ ಅವರ ಜೊತೆಗೇ ಹಣ್ಣಾಗಿತ್ತು. ಅದರ ಬಿಡಿಭಾಗ ಬರುವುದು ಎಂದೋ ನಿಂತಿತ್ತು.

“ಮಸಿ ತೆಗೆದುಕೊಡು ಸಾಕು, ಅಳಿಯ.”

“ಸುಮ್ನಿರಿ ಮಾವ. ವಾಪಸ್ ಹೆಂಗೆ ಬರತ್ತೆ ನೋಡ್ತಾ ಇರಿ.”

ಮಧ್ಯಾಹ್ನವೆಲ್ಲ ಪುಟ್ಟ ಗ್ರೈಂಡರ್ ಹಿಡಿದು ಕಿಂಡಿಯ ಮೇಲಂಚು ಕೊರೆದ. ಸಾಕು ಎಂದಿತು ಕೈ. ಇನ್ನೊಂಚೂರು ಎಂದಿತು ತಲೆ. ತಲೆಯ ಮಾತು ಕೇಳಿದ. ಚಾಲೂ ಮಾಡಿದಾಗ ಅದು ಕೂಗಿದ ಕೂಗಿಗೆ ಎದುರಂಗಡಿಯ ಟೈಲರ್ ಕತ್ತರಿ ಹಿಡಿದೇ ಓಡಿಬಂದ. ಮಾವ ಕಿವಿಗೊಟ್ಟು ಕೇಳಿ, “ಭಾರಿ ಆಗಿದೆ ಕಣೋ” ಎಂದು ಬೆನ್ನು ತಟ್ಟಿದರು.

ಕೆಲವು ವಾರಗಳ ಮೇಲೆ, ಇನ್ನೊಂದಿಷ್ಟು ಹೊಗಳಿಕೆ ಸಿಕ್ಕೀತೆಂದು ಡಿಪೋಗೆ ಹೋದ. ಗರಗಸ ಮೊಳೆಗೆ ತೂಗುತ್ತಿತ್ತು. ಮಾವ ಕುಕ್ಕರುಗಾಲಲ್ಲಿ ಕೂತು, ಬೇರೆಯವರು ಕೊಯ್ಯಲಿದ್ದ ದಿಮ್ಮಿಯ ತೊಗಟೆ ಸುಲಿಯುತ್ತಿದ್ದರು.

“ಗರಗಸಕ್ಕೆ ರಜಾನಾ ಮಾವ?”

“ನಂಗೆ ಕಣೋ. ಸೊಂಟ ನೋವು.”

“ಸೊಂಟಾನೂ ಇಲ್ಲ, ಮಣ್ಣೂ ಇಲ್ಲ,” ಎಂದ ದಿಮ್ಮಿ ಉರುಳಿಸುತ್ತಿದ್ದ ಹಮಾಲಿ. “ನಿನ್ ಹುಲಿ ಗಾಳೀಲಿ ಗರ್ಜಿಸತ್ತೆ, ಮರ ಕಂಡ್ರೆ ಮೂರ್ಛೆ ಹೋಗತ್ತೆ!”

ಅಳಿಯ ತಾನೇ ಗರಗಸ ಇಳಿಸಿ ದಿಮ್ಮಿಗಿಟ್ಟು ನೋಡಿದ. ಹಗುರಾಗಿ ತಾಗಿಸಿದರೆ ಚೀರುತ್ತಿತ್ತು; ಮಾವ ಜೀವಮಾನವಿಡೀ ಒತ್ತಿದಂತೆ ಭಾರ ಬಿಟ್ಟು ಒತ್ತಿದರೆ ಉಸಿರು ಕಟ್ಟಿ ನಿಲ್ಲುತ್ತಿತ್ತು. ನಿಧಾನದಲ್ಲಿ ಎಳೆಯುವ ಆ ಕಸುವನ್ನೇ ಅವನು ಕೊರೆದು ತೆಗೆದಿದ್ದ. ದನಿ ಕೇಳಿ ಹಿಗ್ಗಿದವನು ಒಂದು ಕೊಂಬೆಯನ್ನಾದರೂ ಕೊಯ್ದು ನೋಡಿರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಳ್ಳುವವರು ತಮ್ಮ ಮೈಮೇಲಾದರೂ ಬಿಟ್ಟುಕೊಳ್ಳುತ್ತಾರೆ. ಇವನು ಮಾವನ ಮೈಮೇಲೆ ಬಿಟ್ಟಿದ್ದ.

“ಒತ್ತದೆ ತೇಲಿಸಿ ಕೊಯ್ದು ನೋಡಿ ಮಾವ...”

“ನೋಡ್ದೆ. ಈ ಕೈಗೆ ಇನ್ನು ಹೊಸ ಪಾಠ ಹತ್ತಲ್ಲ.”

“ಗೊತ್ತಾದ ದಿನಾನೇ ಹೇಳ್ಬಾರ್ದಿತ್ತಾ?”

“ಆಗ್ಲೇ ಕೊರೆದಾಗಿತ್ತಲ್ಲೋ. ಅದೂ ಅಲ್ದೆ, ನೀನು ಅಷ್ಟು ಖುಷಿಯಾಗಿದ್ದೆ.” ಮಾವ ಮತ್ತೆ ತೊಗಟೆಗೆ ಬಗ್ಗಿದರು.

ಗರಗಸವನ್ನು ಹೆಗಲಿಗೇರಿಸಿ ವರ್ಕ್‌ಶಾಪಿಗೆ ತಂದ. ಬಿಚ್ಚಿದ, ಕಿಂಡಿಯನ್ನು ಬೆಳಕಿಗೆ ಹಿಡಿದ. ಕೊರೆದುಹೋದದ್ದು ಮತ್ತೆ ಕೂಡುವಂತಿರಲಿಲ್ಲ; ಹಾಗೇ ಜೋಡಿಸಿದ.

“ಏನಪ್ಪಾ ಎಂಜಿನಿಯರ್, ಈ ಸಲ ಎಷ್ಟು ಮಿಕ್ತು?” ಎಂದರು ಯಜಮಾನರು.

ಒಂದು ಸ್ಕ್ರೂ ಕೂಡ ಮಿಕ್ಕಿರಲಿಲ್ಲ. ಕಿಂಡಿಯ ಅಂಚಿನಲ್ಲೇ ಮಿಗಬೇಕಾಗಿದ್ದ ಲೋಹದ ಪುಡಿಯನ್ನು ಅವನು ಆವತ್ತೇ, ಶಿಳ್ಳೆ ಹಾಕುತ್ತಾ, ಗುಡಿಸಿ ಚೆಲ್ಲಿದ್ದ.