ರವಿಶಂಕರ ಅಂಕಲ್ ಪಕ್ಷಾಂತರ

“ಅಮ್ಮಾ, ರವಿ ಅಂಕಲ್ ಯಾವ ಟೀಮ್? ಡೀರ್ ಟೀಮಾ, ಕಯೋಟಿ ಟೀಮಾ?”

ಐದು ವರ್ಷದ ತಾನ್ಯಾ ಹೀಗೆ ಕೇಳಿದಾಗ ವಸುಧಾ ಅವಳ ಶೂ ಲೇಸು ಕಟ್ಟುತ್ತಿದ್ದಳು. ಸ್ಕೂಲ್ ಬಸ್ಸಿಗೆ ಇನ್ನು ನಾಲ್ಕೇ ನಿಮಿಷ. ಪಕ್ಕದ ಮನೆಯ ರವಿಶಂಕರರ ರಾಜಕೀಯ ಚರಿತ್ರೆ ಹೇಳಲು ಅಷ್ಟು ಹೊತ್ತು ಸಾಲದು. “ಅದು ಯಾವ ವಾರ ಅನ್ನೋದರ ಮೇಲೆ ಹೋಗತ್ತೆ ಪುಟ್ಟಾ” ಎಂದು ಬಾಗಿಲು ತೆಗೆದಳು.

ರವಿಶಂಕರ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಮ್ಯಾನೇಜರ್. ಬೇರೆಯವರ ತಪ್ಪು ಹುಡುಕಿಯೇ ಮೂವತ್ತು ವರ್ಷ ಸಂಬಳ ತೆಗೆದುಕೊಂಡವರು. ಪ್ಲೇನ್‌ಫೀಲ್ಡಿನ ಈ ಸಬ್‌ಡಿವಿಷನ್ ಬಡಾವಣೆಗೆ ಬಂದ ಮೇಲೆ ಅವರ ಜೀವವೆಲ್ಲ ಹಿತ್ತಲಿನ ಅವರೆ ಪಾತಿಯಲ್ಲಿತ್ತು. ಅವರೆಗೆ ಈ ಊರಿನ ಲೆಕ್ಕಾಚಾರ ತಿಳಿಯದು. ಹಗಲು ಚಿಕ್ಕದಾಗುವ ತನಕ ಹೂ ಬಿಡದು, ಹೂ ಬಿಟ್ಟು ಕಾಯಿ ಕಟ್ಟುವಷ್ಟರಲ್ಲಿ ಹಿಮದ ಫ್ರಾಸ್ಟ್ ಬಿದ್ದು ಬಳ್ಳಿ ಕರಕಲು. ಏಳು ವರ್ಷದಲ್ಲಿ ಒಮ್ಮೆಯೂ ಹಿದಕಿದ ಬೇಳೆ ಸಾರಿಗಾಗುವಷ್ಟು ಕಾಯಿ ಸಿಕ್ಕಿರಲಿಲ್ಲ. ಈ ವರ್ಷ ಸಿಕ್ಕೇ ಸಿಗಬೇಕೆಂದು ಅವರು ಪಣ ತೊಟ್ಟಿದ್ದರು.

ಹೋದ ವರ್ಷದ ತನಕ ಅವರು ಜಿಂಕೆ ಪಕ್ಷದಲ್ಲಿದ್ದರು. ಹಿಂದಿನ ಕಾಡಿನಿಂದ ಬರುವ ಜಿಂಕೆಗಳ ಫೋಟೋ ತೆಗೆದು, ನಮ್ಮ ಹಿತ್ತಲು ಋಷ್ಯಾಶ್ರಮವಾಗಿದೆ ಎಂದು ವಾಟ್ಸಾಪ್ ಗ್ರೂಪಿಗೆಲ್ಲ ಹಂಚಿದರು, ಸೇಬು ಹೆಚ್ಚಿ ಇಟ್ಟರು. ಆಶ್ರಮದ ಮೃಗಗಳು ಸೇಬು ತಿಂದು, ಬಾಯಿ ಒರೆಸಿಕೊಳ್ಳುವ ಬದಲು ಅವರೆ ಬಳ್ಳಿಯನ್ನು ಬುಡದ ತನಕ ಮೇಯ್ದವು.

ಈ ಮೇ ತಿಂಗಳಲ್ಲಿ ತೋಳದ ಜಾತಿಯ ಸಣ್ಣ ಪ್ರಾಣಿ, ಕಯೋಟಿ ಬಂತು. ರವಿಶಂಕರರು ಅದನ್ನು ನರಿ ಎಂದೇ ಕರೆದರು. ಬೆಳಿಗ್ಗೆ ಎದ್ದು ನರಿ ಮುಖ ನೋಡಿದರೆ ಶುಭವೆಂದು, ಆರು ಗಂಟೆಗೇ ಕಾಫಿ ಲೋಟ ಹಿಡಿದು ಗಾಜಿನ ಬಾಗಿಲ ಬಳಿ ನಿಲ್ಲತೊಡಗಿದರು. ಮೂರು ಜಿಂಕೆಮರಿಗಳಿದ್ದವು, ಜೂನ್ ಮುಗಿಯುವಾಗ ಒಂದೇ ಉಳಿಯಿತು. ತಾಯಿ ಜಿಂಕೆಯೊಂದು ಎರಡು ದಿನ ಬೇಲಿಯ ಒಂದೇ ಮೂಲೆಯಲ್ಲಿ ನಿಂತಿದ್ದನ್ನು ವಸುಧಾ ತಾನ್ಯಾಳ ಲಂಚ್‌ಬಾಕ್ಸ್ ತುಂಬಿಸುತ್ತ ಕಂಡಿದ್ದಳು. ಡಬ್ಬಿಯ ಮುಚ್ಚಳ ಹಾಕುವುದನ್ನೇ ಅವಳು ಮರೆತಿದ್ದಳು. ರವಿಶಂಕರರಿಗೆ ಮಾತ್ರ ಅದು ಪ್ರಕೃತಿಯ ಸಮತೋಲನ. ಸಬ್‌ಡಿವಿಷನ್ನಿನ ಸಂಘದ ಸಭೆಯಲ್ಲಿ ಆ ಬಗ್ಗೆ ಹನ್ನೆರಡು ನಿಮಿಷ ಮಾತಾಡಿದರು. ಜಿಂಕೆಗಳು ಹಿತ್ತಲಿಗೆ ಕಾಲಿಡಲು ಹೆದರಿದವು. ಅವರೆ ಚಪ್ಪರ ಹತ್ತಿತು.

ಆಗಸ್ಟಿನಲ್ಲಿ ಟರ್ಕಿ ಕೋಳಿಯೊಂದು ಏಳು ಮರಿಗಳೊಂದಿಗೆ ಬಂದು ಬಳ್ಳಿಯ ಹುಳಗಳನ್ನು ಹೆಕ್ಕಿ ತಿನ್ನತೊಡಗಿತು. ಒಂದು ದಿನ ಎರಡು ಮರಿ ಕಾಣೆ. ರವಿಶಂಕರರು ಟರ್ಕಿ ಪಕ್ಷ ಸೇರಿದರು. ನರಿಯನ್ನು ಹಿಡಿಸಬೇಕೆಂದು ಊರಿನ ಆಡಳಿತಕ್ಕೆ ಅರ್ಜಿ ಬರೆದು, ಮನೆ ಮನೆಗೆ ಹೋಗಿ ಸಹಿ ಹಾಕಿಸಿ, ತಾಯಿ ಕೋಳಿಯ ಸಂಕಟ ಹೇಳುತ್ತ ಸಭೆಯಲ್ಲಿ ಕಣ್ಣೀರು ಹಾಕಿದರು. ನಲವತ್ತು ಸಹಿ ಬೇಕಿತ್ತು, ಸರಿಯಾಗಿ ನಲವತ್ತಾಯಿತು. ಈ ವರ್ಷ ಬೇರೆ ಯಾರೂ ಒಪ್ಪದ್ದರಿಂದ ವಸುಧಾಳೇ ಸಂಘದ ಕಾರ್ಯದರ್ಶಿ. ಅರ್ಜಿ ಅವಳ ಕೈಗೆ ಬಂತು. ಹಿಡಿದ ಕಯೋಟಿಯನ್ನು ಎಲ್ಲೋ ಒಯ್ದು ಬಿಡುವುದಿಲ್ಲ, ಕೊಲ್ಲುತ್ತಾರೆ ಎಂದು ಅವಳು ವಿಚಾರಿಸಿ ಬಂದು ಹೇಳಿದಳು. ಟರ್ಕಿ ಮೊಟ್ಟೆಗಳನ್ನು ಹೆಚ್ಚಾಗಿ ತಿನ್ನುವುದು ರಾತ್ರಿ ಹೊತ್ತು ತಿರುಗುವ ರಕೂನು ಎಂಬ ಪ್ರಾಣಿಗಳು, ಅವಕ್ಕೂ ಕಯೋಟಿಯ ಭಯ ಸ್ವಲ್ಪ ಇರುತ್ತದೆ. ಬೆಳೆದ ಜಿಂಕೆಗಳನ್ನು ಕೊಲ್ಲುವುದರಲ್ಲಂತೂ ನಮ್ಮ ಕಾರುಗಳೇ ಮುಂದು ಎಂದೂ ಹೇಳಿದಳು. ರವಿಶಂಕರರು “ಹಾಗಂತೀಯಾ?” ಎಂದು, ಕಿವಿಗೆ ಹಾಕಿಕೊಳ್ಳದೆ ಹೋದರು.

ಸೆಪ್ಟೆಂಬರ್ ಕೊನೆಗೆ ಅವರೆ ಹೂ ಬಿಟ್ಟಿತು. ಮೂರೇ ದಿನಕ್ಕೆ ಉಳಿದ ಐದು ಮರಿಗಳು, ಈಗ ಕೊಬ್ಬಿದ ಕೋಳಿಗಳು, ತಾಯಿಯ ಜೊತೆ ಬಂದು ಕೆಳಗಿನ ಹೂಗೊಂಚಲುಗಳನ್ನೆಲ್ಲ ಕುಕ್ಕಿ, ಪಾತಿಯ ಮಣ್ಣಲ್ಲಿ ಹೊರಳಾಡಿ ಹೋದವು. ಮೇಲಿನ ಗೊಂಚಲುಗಳಷ್ಟೇ ಉಳಿದವು.

ಗುರುವಾರ ಮಧ್ಯಾಹ್ನ ರವಿಶಂಕರರು ಹೆಂಡತಿ ಅನಸೂಯಮ್ಮ ಮಾಡಿದ ಕೋಡುಬಳೆಯ ಡಬ್ಬಿ ಹಿಡಿದು ವಸುಧಾಳ ಅಡುಗೆಮನೆಗೆ ಬಂದರು. ಅರ್ಜಿ ಹೋಗುವುದು ನಾಳೆ ತಾನೇ ಎಂದು ಎರಡು ಸಲ ಕೇಳಿದರು. ನರಿ ಪಾಪದ ಪ್ರಾಣಿ ಎಂದರು. ವಸುಧಾಳಿಗೆ ಎಲ್ಲ ಅರ್ಥವಾಯಿತು.

“ಒಂದು ಇಮೇಲ್ ಹಾಕಿ ಅಂಕಲ್, ನಿಮ್ಮ ಹೆಸರು ತೆಗೆದುಬಿಡ್ತೀನಿ. ಮೂವತ್ತೊಂಬತ್ತಾದ್ರೆ ಅರ್ಜಿ ಬಿದ್ದುಹೋಗತ್ತೆ.”

“ಇಮೇಲ್ ಹಾಕಿದ್ರೆ ಎಲ್ರಿಗೂ ಗೊತ್ತಾಗತ್ತಲ್ಲಮ್ಮ. ಅತ್ತು ಸೈನ್ ಹಾಕಿಸಿದೋನು ನಾನೇ.” ಅವರು ಡಬ್ಬಿಯನ್ನು ಇನ್ನಷ್ಟು ಅವಳ ಕಡೆ ತಳ್ಳಿ ದನಿ ತಗ್ಗಿಸಿದರು. “ನಂದು ಮೊದಲ್ನೇ ಸಾಲು. ಅದರ ಮೇಲೆ ಒಂಚೂರು ಕಾಫಿ ಚೆಲ್ಲಿಬಿಡ್ತೀಯಾ?”