ಫ್ಯೂಸ್ ಹಾಕುವ ಮೊದಲು

ಹುತ್ರಿದುರ್ಗ ಬೆಟ್ಟದ ಮಗ್ಗುಲಿನ ಊರೊಂದರಲ್ಲಿ ನಮ್ಮ ಇಲಾಖೆಯ ಸ್ವದೇಶಿ ಫೋರ್‌ಜಿ ಟವರ್ ಚಾಲೂ ಮಾಡೋಕೆ ಹೋಗಿದ್ದೆ. ಆ ಊರಿಗೆ ಯಾವ ಕಂಪನಿಯ ಸಿಗ್ನಲ್ಲೂ ಇರಲಿಲ್ಲ. ಟವರಿನ ಫ್ಯೂಸ್ ಇನ್ನೂ ನನ್ನ ಜೇಬಲ್ಲೇ ಇತ್ತು. ಆದರೂ ಬೇಲಿಯಾಚೆ ಮೇಕೆ ಕಾಯ್ತಿದ್ದ ಅಜ್ಜಿಯೊಬ್ಬರು ಮೊಬೈಲಲ್ಲಿ ನಗ್ತಾ ಮಾತಾಡ್ತಿದ್ರು.

"ಯಾರ್ ಜೊತೆ ಅಜ್ಜಿ?"

"ನಮ್ಮಕ್ಕ ಕಣಪ್ಪ. ತೀರ್ಕೊಂಡು ಆರ್ ವರ್ಷ ಆಯ್ತು. ನೀವ್ ಈ ಕಂಬ ನಿಲ್ಸಿದ್ಮ್ಯಾಲೆ ದಿನಾ ಸಿಗ್ತವ್ಳೆ."

ಪಾಪ, ಅರಳುಮರಳು ಅಂದ್ಕೊಂಡೆ. ಅಜ್ಜಿ ಫೋನನ್ನು ನನ್ನ ಕಿವಿಗೇ ಹಿಡಿದರು. ಹೆಂಗಸಿನ ದನಿಯೊಂದು ಮೆಲ್ಲಗೆ, "ಜೇಬಲ್ಲಿರೋದ್ನ ಹಾಕ್ಬೇಡ ಕಣಪ್ಪ" ಅಂತು.

ನಾನು ಸರ್ಕಾರಿ ನೌಕರ. ಬೆವರುತ್ತಲೇ ಹೋಗಿ ಫ್ಯೂಸ್ ಹಾಕಿದೆ. ಹಸಿರು ದೀಪ ಹತ್ತಿತು. ಬೇಲಿಯಾಚೆ ಅಜ್ಜಿ ಫೋನ್ ಹಿಡ್ಕೊಂಡು "ಅಕ್ಕಾ... ಅಕ್ಕಾ..." ಅಂತ ಕೂಗ್ತಾನೇ ಇದ್ರು.

ಪ್ರಗತಿ ವರದಿಯಲ್ಲಿ ಬರೆದೆ: "ಸಂಪರ್ಕವಿಲ್ಲದ ಗ್ರಾಮಕ್ಕೆ ಸಂಪರ್ಕ ಕಲ್ಪಿಸಲಾಗಿದೆ."